ಇಂದಿನ ಧಮ್ಮ ಚಿಂತನೆ: ತೊಗಟೆ ಎಳೆಯುವ ಕೈ



ಮಧ್ಯ ಚೀನಾದ ಬೆಟ್ಟಕಾಡುಗಳಲ್ಲಿ ಪೇಪರ್‌ಬಾರ್ಕ್ ಮೇಪಲ್ ಎಂಬ ಚಿಕ್ಕ ಮರವಿದೆ. 1901ರಲ್ಲಿ ಅರ್ನೆಸ್ಟ್ ವಿಲ್ಸನ್ ಅದನ್ನು ಇಂಗ್ಲೆಂಡಿಗೆ ತಲುಪಿಸಿದ ಮೇಲೆ ಅಲ್ಲಿನ ತೋಟಗಳಲ್ಲೂ ಬೆಳೆಯಿತು. ದಾಲ್ಚಿನ್ನಿ ಬಣ್ಣದ ಅದರ ತೊಗಟೆ ತೆಳು ಕಾಗದದಂತೆ ಸುರುಳಿ ಸುತ್ತಿ ಏಳುತ್ತದೆ. ಆದರೆ ತಕ್ಷಣ ಬೀಳುವುದಿಲ್ಲ. ನೋಡಿದವರ ಕೈ ಅದನ್ನು ಎಳೆಯಲು ಹೋಗುತ್ತದೆ. ಜೋರಾಗಿ ಎಳೆದರೆ ಒಣ ಪದರದ ಜೊತೆ ಹಸಿ ತೊಗಟೆಗೂ ಗಾಯವಾಗುತ್ತದೆ.

ಮನುಷ್ಯರ ವಿಷಯದಲ್ಲೂ ನಾವು ಹೀಗೇ ಅಲ್ಲವೇ? ಅಪ್ಪ ತೀರಿಕೊಂಡು ವರ್ಷವಾದರೂ ಅವರ ಅಂಗಿಗಳನ್ನು ಬೀರುವಿನಲ್ಲಿ ಇಟ್ಟುಕೊಂಡ ತಾಯಿಗೆ, "ಎಲ್ಲಾ ಅನಿತ್ಯ ಅಮ್ಮಾ, ಯಾರಿಗಾದರೂ ಕೊಟ್ಟುಬಿಡು" ಎನ್ನುತ್ತೇವೆ. ಮಾತು ಸತ್ಯವೇ. ಆದರೆ ಅದು ಆಕೆಯ ದುಃಖ ಕಳೆಯಲೆಂದು ಹೇಳಿದ್ದೋ, ಆ ದುಃಖವನ್ನು ನೋಡಲಾಗದೆ ಹೇಳಿದ್ದೋ?

ಒಳಗಿನ ಕಾಂಡ ದಪ್ಪವಾದಂತೆ ಹೊರಗಿನ ಒಣ ತೊಗಟೆ ಬಿರಿಯುತ್ತದೆ. ಬಿಡುಗಡೆ ಒಳಗಿನಿಂದ ಬರುವಂಥದ್ದು.

ಹಾಗೆಂದು ನಾವು ಸುಮ್ಮನೆ ಕೂರಬೇಕೆಂದಲ್ಲ. ಅಂಗುತ್ತರ ನಿಕಾಯದಲ್ಲಿ ಬುದ್ಧರು ಹೇಳುವ ರೈತ ತಡಮಾಡದೆ ಉಳುತ್ತಾನೆ, ಬಿತ್ತುತ್ತಾನೆ, ನೀರು ಹಾಯಿಸುತ್ತಾನೆ. ಇಂದೇ ಪೈರು ಮಾಗಲಿ ಎಂದು ಅಪ್ಪಣೆ ಕೊಡುವ ಶಕ್ತಿ ಮಾತ್ರ ಅವನಿಗಿಲ್ಲ. ತಾಯಿಯ ಪಕ್ಕ ಕೂತು, ಅಪ್ಪನ ಅದೇ ಹಳೆಯ ಕಥೆಯನ್ನು ಮತ್ತೊಮ್ಮೆ ಕೇಳುವುದು ನೀರು ಹಾಯಿಸಿದಂತೆ. ಅಂಗಿ ಕೊಡುವ ದಿನವನ್ನು ಆಕೆಯೇ ನೋಡಿಕೊಳ್ಳುತ್ತಾರೆ.

ಇಂದು ಯಾರಿಗಾದರೂ "ಬಿಟ್ಟುಬಿಡು" ಎನ್ನುವ ಮೊದಲು ನಮ್ಮ ಆತುರವನ್ನು ಬಿಡಲು ಸಾಧ್ಯವೇ, ನೋಡೋಣ.

ಭವತು ಸಬ್ಬ ಮಂಗಲಂ 🙏