ಆಡಲು ಹೊತ್ತು ಯಾರಿಗಿದೆ?

ದುಡ್ಡಿಗಾಗಿ ಆಡುವವನಿಗಿಂತ ಪ್ರೀತಿಗಾಗಿ ಆಡುವವನು ಒಂದು ಮೆಟ್ಟಿಲು ಮೇಲೆ ನಿಂತವನೆಂದು ನಾವೆಲ್ಲ ನಂಬಿದ್ದೇವೆ. ನಾಟಕದಲ್ಲಾಗಲಿ, ಸಂಗೀತದಲ್ಲಾಗಲಿ, ಕಾಲ್ಚೆಂಡಿನಲ್ಲಾಗಲಿ, ‘ಅವರು ಹವ್ಯಾಸಿಗಳು’ ಎನ್ನುವಾಗ ನಮ್ಮ ದನಿಯಲ್ಲಿ ಎರಡು ಭಾವಗಳು ಒಟ್ಟಿಗೆ ಇಣುಕುತ್ತವೆ. ತಪ್ಪಿದರೆ ಮನ್ನಿಸೋಣ ಎಂಬ ಔದಾರ್ಯ ಒಂದು; ಹಣದ ಸೋಂಕು ತಗುಲದ ಶುದ್ಧಿಯ ಬಗ್ಗೆ ಗೌರವ ಇನ್ನೊಂದು. ಇಂಗ್ಲಿಷಿನ ‘ಅಮೆಚೂರ್’ ಎಂಬ ಮಾತು ಪ್ರೀತಿಸು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಹುಟ್ಟಿ ಫ್ರೆಂಚಿನ ಮೂಲಕ ಬಂದದ್ದು. ನಮ್ಮ ‘ಹವ್ಯಾಸ’ ಅದಕ್ಕಿಂತ ತಣ್ಣನೆಯ ಮಾತಾಗಿಬಿಟ್ಟಿದೆ. ಅಂಚೆಚೀಟಿ ಕೂಡಿಸುವುದೂ ಹವ್ಯಾಸವೇ. ಆದರೆ ನೆರೆಯ ಮರಾಠಿಯಲ್ಲಿ ಅದೇ ಪದಕ್ಕೆ ತೀವ್ರವಾದ ಹಂಬಲ, ಬಿಟ್ಟೂ ಬಿಡದ ಆಸೆ ಎಂಬ ಅರ್ಥ ಉಂಟು. ರಜೆಯ ದಿನ ಊರಿನ ಯಾವುದಾದರೂ ಲೀಗ್ ಪಂದ್ಯವನ್ನು ಬದಿಯಲ್ಲಿ ನಿಂತು ನೋಡಿದವರಿಗೆ ಮರಾಠಿಯ ಅರ್ಥವೇ ಸರಿಯೆನ್ನಿಸೀತು. ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡ ಗುಮಾಸ್ತ, ತನಗೆ ಸಿಕ್ಕದೆಂದು ಗೊತ್ತಿದ್ದೂ ಚೆಂಡಿನ ಹಿಂದೆ ಓಡುತ್ತಾನೆ. ಜಡೆಯನ್ನು ಎತ್ತಿ ಕಟ್ಟಿಕೊಂಡ ಹುಡುಗಿ, ಅಂಚು ದಾಟಿದ ಚೆಂಡು ಯಾರದೆಂದು ತೀರ್ಪುಗಾರನೊಡನೆ ಮೊಕದ್ದಮೆ ಹೂಡಿದಂತೆ ವಾದಿಸುತ್ತಾಳೆ. ಗೆದ್ದರೆ ಬರುವುದೇನೂ ಇಲ್ಲ. ನೋಡುವವರೂ ಇಲ್ಲ, ಮೂರು ನಾಲ್ಕು ಮಂದಿಯನ್ನು ಬಿಟ್ಟರೆ.

ಇಂಥ ಆಟದಿಂದ ಪ್ರಯೋಜನವೇನು ಎಂದು ಕೇಳುವುದು ಅರಸಿಕತೆ. ಪ್ರಯೋಜನವಿಲ್ಲದಿರುವುದೇ ಅದರ ಹೆಚ್ಚಳ. ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದಲ್ಲಿ ಒಂದು ಪೂರ್ವಪಕ್ಷ ಬರುತ್ತದೆ. ಬ್ರಹ್ಮ ಪರಿಪೂರ್ಣವಾದುದಾದರೆ ಜಗತ್ತನ್ನು ಸೃಷ್ಟಿಸಿ ಅದಕ್ಕೆ ಆಗಬೇಕಾದದ್ದೇನು? ಏನೋ ಆಗಬೇಕಾಗಿದೆಯೆಂದರೆ ಕೊರತೆಯಿದೆಯೆಂದಾಯಿತು. ಏನೂ ಬೇಡವೆಂದರೆ ಸೃಷ್ಟಿಯೇ ನಡೆಯಬಾರದು. ಸೂತ್ರಕಾರರ ಸಮಾಧಾನ ಬಲು ಚಿಕ್ಕದು: ಸೃಷ್ಟಿ ಒಂದು ಲೀಲೆ. ಶಂಕರರು ಭಾಷ್ಯದಲ್ಲಿ ಇದಕ್ಕೆ ಕೊಡುವ ದೃಷ್ಟಾಂತ ನನಗೆ ಬಹಳ ಮೆಚ್ಚಿಗೆಯಾದದ್ದು: ಬಯಕೆಗಳೆಲ್ಲ ಕೈಗೂಡಿದ ಅರಸನೋ ಅವನ ಅಮಾತ್ಯನೋ ಯಾವ ಫಲವನ್ನೂ ಬಯಸದೆ ಆಟದಲ್ಲಿ ತೊಡಗುತ್ತಾನಲ್ಲ, ಹಾಗೆ. ದೃಷ್ಟಾಂತ ಸೊಗಸಾಗಿದೆ, ಆದರೆ ಆಡುತ್ತಿರುವವನು ಯಾರೆಂಬುದನ್ನು ಗಮನಿಸಬೇಕು. ಒಕ್ಕಲಿಗನಲ್ಲ, ಅಗಸನಲ್ಲ, ಅವರ ಹೆಂಡಂದಿರಂತೂ ಅಲ್ಲ. ಅರಸ, ಅವನಿಲ್ಲದಿದ್ದರೆ ಅವನ ಮಂತ್ರಿ. ಆಚಾರ್ಯರು ಹೇಳಹೊರಟದ್ದು ಬೇರೆ. ಆದರೂ ಲೋಕದ ಒಂದು ಕಹಿಸತ್ಯ ಅವರ ದೃಷ್ಟಾಂತದೊಳಗೆ ನುಸುಳಿ ಕುಳಿತಿದೆ: ಫಲದ ಹಂಗಿಲ್ಲದೆ ಆಡಬೇಕಾದರೆ, ಉಳಿದದ್ದನ್ನೆಲ್ಲ ನೋಡಿಕೊಳ್ಳುವವರು ಬೇರೆ ಯಾರಾದರೂ ಇರಬೇಕು.

ಶಾಸ್ತ್ರ ನಯವಾಗಿ ಹೇಳಿದ್ದನ್ನು ಇಂಗ್ಲೆಂಡಿನ ಆಟಗಳ ಚರಿತ್ರೆ ಒರಟಾಗಿ ಹೇಳುತ್ತದೆ. ಕಾಲ್ಚೆಂಡಿಗೆ ಲಿಖಿತ ನಿಯಮಗಳನ್ನು ಕಟ್ಟಿದ ಫುಟ್‌ಬಾಲ್ ಅಸೋಸಿಯೇಷನ್ 1863ರಲ್ಲಿ ಹುಟ್ಟಿತು. ಮೊದಲ ಇಪ್ಪತ್ತು ವರ್ಷ ಆ ಆಟದ ಯಜಮಾನಿಕೆಯೆಲ್ಲ ಸಿರಿವಂತರ ಮಕ್ಕಳು ಓದುವ ಶಾಲೆಗಳಿಂದ ಬಂದ ಮಹನೀಯರದು. 1883ರಲ್ಲಿ ಅವರ ಕಪ್ಪಿನ ಅಂತಿಮ ಪಂದ್ಯದಲ್ಲಿ ಬ್ಲ್ಯಾಕ್‌ಬರ್ನ್ ಒಲಿಂಪಿಕ್ ಎಂಬ ತಂಡ ಈಟನ್ ಶಾಲೆಯ ಹಳೆಯ ವಿದ್ಯಾರ್ಥಿಗಳನ್ನು 2–1ರಿಂದ ಸೋಲಿಸಿತು. ಗೆದ್ದವರಲ್ಲಿ ನೇಕಾರರಿದ್ದರು, ಗಿರಣಿಯ ಕೆಲಸಗಾರರಿದ್ದರು. ಪಂದ್ಯಕ್ಕೆ ಮುಂಚೆ ಅವರು ಬ್ಲ್ಯಾಕ್‌ಪೂಲಿನ ಕಡಲತಡಿಗೆ ಹೋಗಿ ಕೆಲವು ದಿನ ಅಭ್ಯಾಸ ಮಾಡಿದ್ದರು. ಆಗ ಎದ್ದ ಗುಲ್ಲು ಇಷ್ಟೇ: ಆ ದಿನಗಳ ಕೂಲಿ ಯಾರು ಕೊಟ್ಟರು? ಮರುವರ್ಷವೇ ಪ್ರೆಸ್ಟನ್ನಿನ ತಂಡ ಆಟಗಾರರಿಗೆ ಹಣ ಕೊಟ್ಟ ಕಾರಣಕ್ಕೆ ಪಂದ್ಯಾವಳಿಯಿಂದ ಹೊರಬಿತ್ತು. ಗಲಾಟೆ ಬೆಳೆದು 1885ರಲ್ಲಿ ಅಸೋಸಿಯೇಷನ್ ಸಂಬಳದ ಆಟವನ್ನು ಒಲ್ಲದ ಮನಸ್ಸಿನಿಂದ ಒಪ್ಪಿತು. ದೋಣಿಯಾಟದವರು ಇನ್ನೂ ಮುಂದೆ ಹೋಗಿದ್ದರು. ಹೆನ್ಲಿಯ 1879ರ ನಿಯಮದಂತೆ, ಕೂಲಿಗೆ ಕೈಕೆಲಸ ಮಾಡುವವನು ದೋಣಿ ನಡೆಸಿ ಒಂದು ಕಾಸನ್ನೂ ಮುಟ್ಟದಿದ್ದರೂ ಹವ್ಯಾಸಿಯಲ್ಲ! ಪ್ರೀತಿ ಎಂಬುದು ಜಾತಿಯ ಹೆಸರಾಗುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕೆ?

ರಗ್ಬಿಯ ಜಗಳ ಇವೆಲ್ಲಕ್ಕಿಂತ ಮುಖ್ಯವಾದದ್ದು. ಏಕೆಂದರೆ ಅಲ್ಲಿ ವಿಷಯದ ಗಂಟು ಬಿಚ್ಚಿ ಕಾಣುತ್ತದೆ. 1895ರ ಆಗಸ್ಟಿನಲ್ಲಿ ಉತ್ತರ ಇಂಗ್ಲೆಂಡಿನ ತಂಡಗಳು ಹಡರ್ಸ್‌ಫೀಲ್ಡ್ ಊರಿನ ಒಂದು ಹೋಟೆಲಿನಲ್ಲಿ ಸೇರಿ ಮೂಲ ಸಂಸ್ಥೆಯಿಂದ ಬೇರೆಯಾದವು. ಕೇಳಿದ್ದು ಸಂಬಳವಲ್ಲ. ಆಟದ ದಿನ ಕೆಲಸ ಬಿಟ್ಟುಬಂದದ್ದಕ್ಕೆ ಕಳೆದುಹೋಗುವ ಕೂಲಿ, ದಿನಕ್ಕೆ ಆರು ಷಿಲಿಂಗ್. ಇದನ್ನು ಅವರು ‘ಮುರಿದ ಹೊತ್ತು’ ಎಂದು ಕರೆದರು. ಎಂಥ ಒಳ್ಳೆಯ ಮಾತು! ಜಮೀನಿನ ಗೇಣಿಯಲ್ಲಿ ಬದುಕುವವನ ಹೊತ್ತು ಮುರಿಯುವುದಿಲ್ಲ. ಅವನು ಆಡುತ್ತಿರುವಾಗಲೂ ಗೇಣಿ ಬರುತ್ತಲೇ ಇರುತ್ತದೆ. ಕೂಲಿಯವನ ಹೊತ್ತು ಮಾತ್ರ ಗಾಜಿನ ಬಳೆ. ಇಬ್ಬರ ಪ್ರೀತಿಯೂ ಒಂದೇ ತೂಕದ್ದಾಗಿರಬಹುದು. ತೆರುವ ಬೆಲೆ ಮಾತ್ರ ಒಂದಲ್ಲ.

ನಮ್ಮ ಬೆಂಗಳೂರು ಈ ಗಂಟನ್ನು ತನ್ನದೇ ರೀತಿಯಲ್ಲಿ ಬಿಚ್ಚಿಕೊಂಡಿತು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ, ಬಹುಮಂದಿ ಬರಿಗಾಲಿನಲ್ಲಿ ಆಡಿದ ಭಾರತ ತಂಡ ಫ್ರಾನ್ಸಿಗೆ 1–2ರಲ್ಲಿ ಸೋತಾಗ, ನಮ್ಮ ಕಡೆಯ ಆ ಒಂದು ಗೋಲನ್ನು ಹೊಡೆದವರು ಈ ಊರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಅಹಮದ್ ಖಾನ್ ಕೂಡ ಇಲ್ಲಿ ಹುಟ್ಟಿದವರು. ಮುಂದೆ ಕಲ್ಕತ್ತೆಯ ಈಸ್ಟ್ ಬೆಂಗಾಲಿಗೆ ಆಡಿ ಹೆಸರಾದರು. ಆಸ್ಟಿನ್ ಟೌನ್, ಗೌತಮಪುರಗಳ ಓಣಿಗಳಲ್ಲಿ ಚೆಂಡನ್ನು ಒದೆಯುತ್ತ ಬೆಳೆದ ಹುಡುಗರಿಗೆ ಎಚ್.ಎ.ಎಲ್., ಐ.ಟಿ.ಐ. ಮೊದಲಾದ ಕಾರ್ಖಾನೆಗಳು ನೌಕರಿ ಕೊಟ್ಟು, ತಂಡ ಕಟ್ಟಿ, ಅಭ್ಯಾಸಕ್ಕೆ ಬಿಡುವನ್ನೂ ಕೊಟ್ಟವು. ಹೆಸರಿಗೆ ಹವ್ಯಾಸಿ, ಹಾಜರಿ ಪುಸ್ತಕದಲ್ಲಿ ನೌಕರ. ಶುದ್ಧಿವಾದಿಗಳು ಇದನ್ನು ಮರೆಮಾಚಿದ ಸಂಬಳವೆಂದು ಹಳಿಯಬಹುದು. ನನಗೇನೋ ಇದು ಬ್ರಿಟಿಷರ ಆರು ಷಿಲಿಂಗಿನ ವ್ಯಾಜ್ಯಕ್ಕಿಂತ ಮಾನವಂತವಾದ ಏರ್ಪಾಡೆನ್ನಿಸುತ್ತದೆ. ಮುರಿದ ಹೊತ್ತನ್ನು ಯಜಮಾನನೇ ಬೆಸೆದುಕೊಟ್ಟ. ಆದರೆ ಆ ಏಣಿಯನ್ನು ಅದೇ ಓಣಿಗಳ ಹೆಣ್ಣುಮಕ್ಕಳಿಗಾಗಿ ಯಾರೂ ಆ ಮಟ್ಟದಲ್ಲಿ ಕಟ್ಟಲಿಲ್ಲ. ದೇಶಕ್ಕೆ ಮಹಿಳೆಯರದೇ ಒಂದು ಲೀಗ್ ಬಂದದ್ದು 2016–17ರ ಸಾಲಿನಲ್ಲಿ.

ಹೆಂಗಸರ ವಿಷಯಕ್ಕೆ ಬಂದರೆ ಕಥೆ ಮತ್ತೆ ಪ್ರೆಸ್ಟನ್ನಿಗೇ ಹೋಗುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಗಂಡಸರು ರಣರಂಗಕ್ಕೆ ಹೋದಾಗ ಮದ್ದುಗುಂಡು ತಯಾರಿಸಲು ಕಾರ್ಖಾನೆಗೆ ಬಂದ ಹುಡುಗಿಯರು ಊಟದ ಬಿಡುವಿನಲ್ಲಿ ಚೆಂಡು ಒದೆಯತೊಡಗಿದರು. ಡಿಕ್, ಕೆರ್ ಕಾರ್ಖಾನೆಯ ಹುಡುಗಿಯರು 1917ರ ಕ್ರಿಸ್‌ಮಸ್ ದಿನ ಗಾಯಾಳು ಸೈನಿಕರ ಆಸ್ಪತ್ರೆಯ ಸಹಾಯಾರ್ಥ ಆಡಿದ ಪಂದ್ಯಕ್ಕೆ ಹತ್ತು ಸಾವಿರ ಮಂದಿ ಬಂದರು. 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ ಐವತ್ತಮೂರು ಸಾವಿರ ಮಂದಿ ಸೇರಿದ್ದರು. ಒಂದು ವರ್ಷ ಕಳೆಯುವುದರೊಳಗೆ, 1921ರ ಡಿಸೆಂಬರ್ 5ರಂದು, ಫುಟ್‌ಬಾಲ್ ಅಸೋಸಿಯೇಷನ್ ಒಂದು ಠರಾವು ಮಾಡಿತು. ಈ ಆಟ ಹೆಂಗಸರಿಗೆ ಹೊಂದುವಂಥದಲ್ಲ, ತನ್ನ ಅಂಗಸಂಸ್ಥೆಗಳು ಅವರಿಗೆ ಮೈದಾನ ಕೊಡಕೂಡದು, ಎಂದು. ಅದರ ಬೆನ್ನಿಗೇ ಇನ್ನೊಂದು ಆಕ್ಷೇಪ: ವಸೂಲಾದ ಹಣದಲ್ಲಿ ಖರ್ಚಿಗೆ ಹೋದದ್ದು ಹೆಚ್ಚು, ಧರ್ಮಕಾರ್ಯಕ್ಕೆ ಸಂದದ್ದು ಕಡಮೆ.

ಮೊದಲನೆಯ ಕಾರಣವನ್ನು ಇಂದು ಯಾರೂ ಎತ್ತಿಹಿಡಿಯಲಾರರು, ಅದನ್ನು ಬಿಟ್ಟುಬಿಡೋಣ. ಎರಡನೆಯದು ನನ್ನನ್ನು ಹೆಚ್ಚು ಕಾಡುತ್ತದೆ. ಗಂಡಸರ ತಂಡಗಳು ಆಡುವಾಗ, ಈ ಆಟದಿಂದ ಯಾವ ಆಸ್ಪತ್ರೆಗೆ ಎಷ್ಟು ಹೋಯಿತು ಎಂದು ಯಾರಾದರೂ ಲೆಕ್ಕ ಕೇಳಿದ್ದುಂಟೆ? ಗಂಡಸು ಆಡುವುದು ಆಡಬೇಕೆನ್ನಿಸಿದ್ದರಿಂದ, ಅಷ್ಟು ಸಾಕು. ಹೆಂಗಸು ಆಡಬೇಕಾದರೆ ಅದರಿಂದ ಇನ್ನಾರಿಗಾದರೂ ಉಪಕಾರವಾಗಬೇಕು. ಉಪಕಾರದ ಲೆಕ್ಕದಲ್ಲಿ ಕೊರತೆ ಕಂಡೊಡನೆ ಆಟವೇ ಅಪರಾಧವಾಯಿತು.

ಇಂದಿನ ಮಾತನ್ನೇ ನೋಡಿ. ಹುಡುಗಿಯರನ್ನು ಮೈದಾನಕ್ಕೆ ಕಳಿಸಿ ಎಂದು ಹೇಳುವ ಸಜ್ಜನರು ಕೂಡಲೇ ಕಾರಣಗಳ ಪಟ್ಟಿ ಬಿಚ್ಚುತ್ತಾರೆ. ಆರೋಗ್ಯ ಸುಧಾರಿಸುತ್ತದೆ, ಧೈರ್ಯ ಬರುತ್ತದೆ, ನಾಳೆ ನೌಕರಿಗೆ ಅನುಕೂಲ, ಪದಕ ತಂದರೆ ದೇಶಕ್ಕೆ ಕೀರ್ತಿ. ಎಲ್ಲವೂ ನಿಜ. ಆದರೆ ಅವಳಿಗೆ ಆಡಲು ಇಷ್ಟ, ಅದಕ್ಕೇ ಆಡುತ್ತಾಳೆ ಎಂದು ಹೇಳಿ ಸುಮ್ಮನಾಗುವವರು ಎಷ್ಟು ಮಂದಿ? ಉಪಯುಕ್ತವಾದದ್ದನ್ನು ಯಾರಿಗೆ ಬೇಕಾದರೂ ಕೊಡುತ್ತೇವೆ. ಎತ್ತಿಗೂ ಹುಲ್ಲು ಹಾಕುತ್ತೇವೆ. ನಿರುಪಯುಕ್ತವಾದ ಒಂದು ಗಂಟೆಯನ್ನು ಕೊಡುವುದು ಮಾತ್ರ, ತನ್ನ ಬಾಳಿಗೆ ತಾನೇ ಒಡೆಯನೆಂದು ನಾವು ಒಪ್ಪಿದವರಿಗೆ. ಊರಿನಲ್ಲಿ ನೀರಿಲ್ಲ, ಹುಡುಗಿಯರಿಗೆ ಶಾಲೆಯಿಲ್ಲ, ಇವನಿಗೆ ಕಾಲ್ಚೆಂಡಿನ ಚಿಂತೆ ಎಂದು ವಾಚಕರು ರೇಗಬಹುದು. ನೀರು, ಶಾಲೆ ಮೊದಲು ಆಗಬೇಕಾದ್ದೇ. ಆದರೆ ಅವೆರಡೂ ಬಂದ ಮನೆಗಳಲ್ಲಿ, ನಿಮ್ಮ ನಮ್ಮ ಮನೆಗಳಲ್ಲಿ, ಈ ಪ್ರಶ್ನೆ ಹಾಗೆಯೇ ಉಳಿದಿದೆಯಲ್ಲ!

ಲೀಗ್ ಆಡುವ ಗಂಡಸಿನ ಭಾನುವಾರ ಹೇಗೆ ಸಿದ್ಧವಾಗುತ್ತದೆ? ಒಗೆದ ಅಂಗಿ ಹಗ್ಗದ ಮೇಲಿರುತ್ತದೆ. ಹನ್ನೊಂದಕ್ಕೆ ಹಿಂತಿರುಗುವಾಗ ಒಲೆಯ ಮೇಲೆ ಹುಳಿ ಕುದಿಯುತ್ತಿರುತ್ತದೆ, ಮಗುವಿಗೆ ಸ್ನಾನವಾಗಿರುತ್ತದೆ, ಮುದುಕರಿಗೆ ಮಾತ್ರೆ ಸಂದಿರುತ್ತದೆ. ಅವನ ಆಟ ಶುದ್ಧವಾದ ಲೀಲೆ. ಅರಸನೇ ಅವನು, ಆ ಎರಡು ಗಂಟೆ. ಅವನ ಹೆಂಡತಿಯೂ ಆಡಹೊರಟರೆ ಮುರಿಯುವ ಹೊತ್ತಿಗೆ ಆರು ಷಿಲಿಂಗ್ ಕೊಡಬೇಕೆಂದು ಕೇಳುವ ಸಂಘವಿಲ್ಲ, ಏಕೆಂದರೆ ಆ ಹೊತ್ತಿಗೆ ಮೊದಲೇ ಕೂಲಿಯಿರಲಿಲ್ಲ. ಲೆಕ್ಕದಲ್ಲೇ ಇಲ್ಲದ್ದು ಮುರಿದದ್ದು ಯಾರಿಗೆ ಕಾಣಬೇಕು? ಹೆಂಗಸರ ಪಂದ್ಯವೆಂದರೆ ಬೆಳಗಿನ ಆರೂವರೆಗೆ ಇಡಿ, ಎಂಟಕ್ಕೆ ಮನೆ ಸೇರಬಹುದು ಎಂಬ ಸಲಹೆ ದಯೆಯಿಂದಲೇ ಬರುತ್ತದೆ. ಆ ದಯೆಯಲ್ಲಿ ಮನೆಗೆಲಸ ಯಾರದೆಂಬ ತೀರ್ಪು ಆಗಲೇ ಬರೆದಾಗಿದೆ.

ಹಾಗಾದರೆ ಆ ಗಂಡಸಿನ ಪ್ರೀತಿ ಸುಳ್ಳೆ? ಅಲ್ಲ. ಚಾರ್ವಾಕನ ತುಪ್ಪ ಸಾಲದ್ದಾದರೂ ರುಚಿಗೆ ಕೊರತೆಯಿಲ್ಲ. ಆದರೆ ಸಾಲ ಕೊಟ್ಟವರು ಯಾರೆಂದು ತಿನ್ನುವವನಿಗೆ ತಿಳಿದಿರಬೇಕು. ಒಂದೊಂದು ವಾರ ಅವನೇ ಒಲೆಯ ಮುಂದೆ ನಿಂತು ಅವಳನ್ನು ಮೈದಾನಕ್ಕೆ ಕಳಿಸಬೇಕು. ಹೇಳಲು ಇದು ಬಲು ಸುಲಭ. ‘ನಾನೂ ಸಹಾಯ ಮಾಡುತ್ತೇನೆ’ ಎಂದು ಹೇಳಿ ಮುಗಿಸುವವರು ಸಹಾಯ ಎಂಬ ಮಾತಿನಲ್ಲೇ ಕೆಲಸ ಮೂಲತಃ ಯಾರದೆಂದು ಒಪ್ಪಿಕೊಂಡುಬಿಟ್ಟಿರುತ್ತಾರೆ. ಕೊಡಗಿನವರು ಇದರಲ್ಲಿ ನಮಗಿಂತ ಜಾಣರೆನ್ನಬೇಕು. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಅರುವತ್ತು ಮನೆತನಗಳೊಡನೆ ಆರಂಭಿಸಿದ ಹಾಕಿ ಹಬ್ಬದಲ್ಲಿ ತಂಡವೆಂದರೆ ಮನೆತನ. ಹೆಣ್ಣುಮಕ್ಕಳು ಅಣ್ಣತಮ್ಮಂದಿರ ಜೊತೆಗೇ ಕೋಲು ಹಿಡಿದು ಆಡಿದ್ದುಂಟು. ಮನೆಗೆ ಮನೆಯೇ ಮೈದಾನಕ್ಕೆ ಬಂದ ಮೇಲೆ, ಆಡುವವರು ಯಾರು, ಕಾಯುವವರು ಯಾರು ಎಂಬ ಗೆರೆ ಆ ಕೆಲವು ದಿನಗಳಾದರೂ ತೆಳುವಾಗುತ್ತದೆ. ವರ್ಷಕ್ಕೊಮ್ಮೆ ಬರುವ ಹಬ್ಬ, ನಿಜ. ವಾರವಾರದ ಲೀಗಿಗೆ ಅದೇ ಉಪಾಯ ಸಾಗಲಾರದು.

ಪ್ರೆಸ್ಟನ್ನಿನ ಹುಡುಗಿಯರು ಠರಾವಾದ ಮೇಲೂ ಆಟ ಬಿಡಲಿಲ್ಲ. ಅಸೋಸಿಯೇಷನ್ನಿಗೆ ಸೇರದ ಬಯಲುಗಳನ್ನು ಹುಡುಕಿಕೊಂಡು ಆಡಿದರು. ಲಿಲಿ ಪಾರ್ ಎಂಬಾಕೆ ಹದಿಹರೆಯದಲ್ಲಿ ತಂಡ ಸೇರಿ, ಮಾನಸಿಕ ರೋಗಿಗಳ ಆಸ್ಪತ್ರೆಯೊಂದರಲ್ಲಿ ದಾದಿಯಾಗಿ ದುಡಿಯುತ್ತ, ಸುಮಾರು ಮೂವತ್ತು ವರ್ಷ ಆಡಿದಳು. ತಂಡ ಮುಚ್ಚಿದ್ದು 1965ರಲ್ಲಿ. ಆಗಲೂ ನಿಷೇಧ ಜಾರಿಯಲ್ಲೇ ಇತ್ತು.