ಅತಿಭಾರಾರೋಪಣ ಮತ್ತು ಮಕ್ಕಳ ಆಹಾರ

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ನಿರೂಪಿಸಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಎತ್ತಿನ ಮೇಲೆ ಅದರ ಶಕ್ತಿ ಮೀರಿ ಹೊರೆ ಹೇರುವುದು ಅತಿಭಾರಾರೋಪಣ. ಆಶ್ರಿತ ಜೀವಿಗೆ ಅನ್ನನೀರು ತಡೆಯುವುದು ಅನ್ನಪಾನನಿರೋಧ. ಈ ಎರಡು ದೋಷಗಳು ಒಂದೇ ಸೂತ್ರದಲ್ಲಿ ಅಕ್ಕಪಕ್ಕದಲ್ಲಿರುವುದು ಇಂದಿನ ತಂದೆತಾಯಿಯರು ಆಲೋಚಿಸತಕ್ಕ ವಿಷಯವಾಗಿದೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಜಗತ್ತಿನ 5ರಿಂದ 19 ವರ್ಷದವರ ಪೈಕಿ 39 ಕೋಟಿಗೂ ಹೆಚ್ಚು ಮಂದಿ ಅತಿತೂಕದವರಾಗಿದ್ದರು. ಭಾರತದಲ್ಲಿ 2016-18ರಲ್ಲಿ ನಡೆದ ಸಮಗ್ರ ರಾಷ್ಟ್ರೀಯ ಪೋಷಣೆ ಸಮೀಕ್ಷೆಯು ಹದಿಹರೆಯದವರಲ್ಲಿ ನೂರಕ್ಕೆ ಸುಮಾರು ಐವರಿಗೆ ರಕ್ತದ ಒತ್ತಡ ಅಧಿಕವಿರುವುದನ್ನು ಕಂಡಿತು. ಈ ಒತ್ತಡಕ್ಕೆ ಸಾಮಾನ್ಯವಾಗಿ ನೋವಿಲ್ಲ, ಹೊರಲಕ್ಷಣವಿಲ್ಲ, ಅಳೆದಲ್ಲದೆ ತಿಳಿಯದು. ತೂಕ ಮೀರಿದಷ್ಟೂ ಹೃದಯದ ದುಡಿಮೆ ಹೆಚ್ಚುತ್ತದೆ. ಉಪ್ಪು ಮೀರಿದರೆ ದೇಹದಲ್ಲಿ ನೀರು ನಿಂತು ಒತ್ತಡ ಏರುತ್ತದೆ. ಮೂಕಪ್ರಾಣಿಯಂತೆ ಹೃದಯವೂ ಹೊರೆಯನ್ನು ಸದ್ದಿಲ್ಲದೆ ಹೊರುತ್ತದೆ.

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಶ್ರಾವಕರು ಮದ್ಯ, ಮಾಂಸ, ಮಧುಗಳನ್ನು ತ್ಯಜಿಸಿದೆವೆಂಬ ಸಮಾಧಾನದಲ್ಲಿ ಇರುವಂತಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳು ಸಸ್ಯಾಹಾರವೇ ಆದರೂ ಉಪ್ಪು ಉಪ್ಪೇ. ವಯಸ್ಕರಿಗೇ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮಕ್ಕಳಿಗೆ ಇನ್ನೂ ಕಡಿಮೆ. ಗುಡ್ಡ ಹತ್ತಿಳಿದು ಶಾಲೆಗೆ ನಡೆಯುತ್ತಿದ್ದ ದಾರಿಯಲ್ಲಿ ಈಗ ವಾಹನ ಬರುತ್ತದೆ. ಎಲೆಯ ತುದಿಯಲ್ಲಿದ್ದ ಉಪ್ಪಿನಕಾಯಿಯ ಜೊತೆಗೆ ಅಂಗಡಿಯ ಪೊಟ್ಟಣವೂ ಸೇರಿದೆ.

ಇದು ಅಸಾತಾವೇದನೀಯ ಕರ್ಮದ ಉದಯ, ವಂಶದಿಂದ ಬಂದದ್ದು ಎಂದು ಕೈಕಟ್ಟಿ ಕುಳಿತುಕೊಳ್ಳುವವರುಂಟು. ಆದರೆ ಕರ್ಮೋದಯಕ್ಕೆ ದ್ರವ್ಯ, ಕ್ಷೇತ್ರ, ಕಾಲ, ಭಾವಗಳು ನಿಮಿತ್ತವೆಂಬುದೂ ಜಿನಾಗಮದ ಮಾತೇ. ಮಗುವಿನ ತಟ್ಟೆಗೆ ಏನು ಬೀಳಬೇಕೆಂಬ ನಿಮಿತ್ತ ಹಿರಿಯರ ಕೈಯಲ್ಲಿದೆ.

ಹಾಗೆಂದು ದಪ್ಪಗಿರುವ ಮಗುವನ್ನು ಪಂಕ್ತಿಯಲ್ಲಿ ಹಂಗಿಸಿದರೆ, ಬೆಳೆಯುವ ದೇಹಕ್ಕೆ ಬಲವಂತದ ಉಪವಾಸ ಹೇರಿದರೆ, ಒಂದು ಅತಿಚಾರದಿಂದ ಪಾರಾಗಲು ಮತ್ತೊಂದಕ್ಕೆ ಬಿದ್ದಂತಾಗುತ್ತದೆ. ವ್ರತವು ತಿಳಿದು, ಒಪ್ಪಿ ಸ್ವೀಕರಿಸತಕ್ಕದ್ದು. ಆದ್ದರಿಂದ ಭೋಗೋಪಭೋಗ ಪರಿಮಾಣವನ್ನು ಮೊದಲು ಹಿರಿಯರೇ ಸ್ವೀಕರಿಸಬೇಕು. ಕರಿದ ತಿಂಡಿ ಮನೆಗೆ ಬಾರದಿದ್ದರೆ ಮಗುವಿಗೆ ಬೇಡವೆನ್ನುವ ಪ್ರಸಂಗವೇ ಕಡಿಮೆ. ಹಿರಿಯರು ಅವಮೌದರ್ಯವನ್ನು ಪಾಲಿಸಿ ಹೊಟ್ಟೆಯಲ್ಲಿ ಒಂದು ತುತ್ತಿನ ಜಾಗ ಬಿಟ್ಟೇಳುವುದನ್ನು ಕಂಡ ಮಗು ಅದನ್ನು ಉಪದೇಶವಿಲ್ಲದೆ ಕಲಿಯುತ್ತದೆ.

ವರ್ತಕರಿಗೂ ಇಲ್ಲಿ ಹೊಣೆಯುಂಟು. ಕೊಬ್ಬು, ಉಪ್ಪು, ಸಕ್ಕರೆ ಅಧಿಕವಿರುವ ತಿನಿಸುಗಳನ್ನು ಶಾಲಾದ್ವಾರದಿಂದ 50 ಮೀಟರ್ ಒಳಗೆ ಮಕ್ಕಳಿಗೆ ಮಾರಬಾರದೆಂದು 2020ರ ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ಐವತ್ತೊಂದನೆಯ ಮೀಟರಿನಲ್ಲಿ ಕಾನೂನು ಸುಮ್ಮನಿರಬಹುದು, ಅಣುವ್ರತ ಸುಮ್ಮನಿರದು.

ಬಸದಿಗಳ ಟ್ರಸ್ಟುಗಳು ದಶಲಕ್ಷಣ ಪರ್ವದಲ್ಲಿ ಪಾಠಶಾಲೆಯ ಮಕ್ಕಳ ತೂಕ ಮತ್ತು ರಕ್ತದ ಒತ್ತಡವನ್ನು ವೈದ್ಯರಿಂದ ಪರೀಕ್ಷಿಸಬಹುದು. ಮಗುವಿನ ತೋಳಿಗೆ ತಕ್ಕ ಪಟ್ಟಿ ಬೇಕು. ಫಲಿತಾಂಶ ತಂದೆತಾಯಿಗೆ ಮಾತ್ರ ತಿಳಿಯಬೇಕು. ಆಹಾರದಾನ, ಔಷಧದಾನಗಳೆರಡೂ ಚತುರ್ವಿಧ ದಾನಗಳಲ್ಲಿ ಸೇರಿವೆ. ಪರ್ವದ ಊಟದಲ್ಲಿ ಉಪ್ಪು, ಸಿಹಿಗಳನ್ನು ಮಿತಗೊಳಿಸಿದರೆ ಆಹಾರದಾನದಿಂದಲೇ ಔಷಧದಾನದ ಕಾರ್ಯವೂ ನಡೆಯುತ್ತದೆ.