ಪಾಸಾಖದ ಕುಲುಮೆ, ಬುದ್ಧನ ಐದು ನಿಷೇಧ

ಭೂತಾನಿನ ದಕ್ಷಿಣ ಗಡಿಯಲ್ಲಿ, ಫುಂಟ್‌ಶೋಲಿಂಗ್ ಪಟ್ಟಣದ ಬಳಿ, ಪಾಸಾಖ ಎಂಬ ಕೈಗಾರಿಕಾ ಪ್ರದೇಶವಿದೆ. ಪಾರೋ ಕಣಿವೆಯ ಬಂಡೆಗೆ ಅಂಟಿಕೊಂಡ ಮಠವನ್ನು ನೋಡಲು ಬರುವ ಪ್ರವಾಸಿಗರು ಅತ್ತ ತಲೆ ಹಾಕುವುದಿಲ್ಲ. ದೇಶದ ರಫ್ತಿನಲ್ಲಿ ಜಲವಿದ್ಯುತ್ತಿನ ಜೊತೆಗೇ ಹೆಸರು ಕೇಳಿಬರುವ ಫೆರೋಸಿಲಿಕಾನ್ ಹೆಚ್ಚಾಗಿ ತಯಾರಾಗುವುದು ಮಾತ್ರ ಇಲ್ಲೇ. ಬೆಣಚುಕಲ್ಲು, ಇದ್ದಿಲು, ಕಬ್ಬಿಣ ಸೇರಿಸಿ ವಿದ್ಯುತ್ ಕುಲುಮೆಯಲ್ಲಿ ಕರಗಿಸುವ ಈ ಮಿಶ್ರಲೋಹದ ಒಂದು ಟನ್‌ಗೆ ಸುಮಾರು 8,000ದಿಂದ 9,000 ಯೂನಿಟ್ ಕರೆಂಟು ಬೇಕು. ಕರೆಂಟು ಅಗ್ಗವಾಗಿರುವಲ್ಲಿಗೇ ಇಂಥ ಕುಲುಮೆ ಹೋಗುತ್ತದೆ. ಭಾರತದ ನೆರವಿನಿಂದ 1980ರ ದಶಕದಲ್ಲಿ ತಲೆಯೆತ್ತಿದ 336 ಮೆಗಾವಾಟ್‌ನ ಚೂಖಾ, ಆಮೇಲಿನ 1,020 ಮೆಗಾವಾಟ್‌ನ ತಾಲಾ ಯೋಜನೆಗಳು ಭೂತಾನಿಗೆ ಆ ಅನುಕೂಲ ಕೊಟ್ಟವು. ಪಕ್ಕದಲ್ಲೇ ಭಾರತದ ಮಾರುಕಟ್ಟೆ, ನಡುವೆ ಸುಂಕವಿಲ್ಲದ ವ್ಯಾಪಾರ. ಬಂಡವಾಳಗಾರನಿಗೆ ಇನ್ನೇನು ಬೇಕು?

ಆದರೆ ಸುಮಾರು 8 ಲಕ್ಷ ಜನರ ಈ ಬೌದ್ಧ ರಾಜ್ಯ ಆತನ ಮುಂದೆ ಬೇರೊಂದು ಪ್ರಶ್ನೆಯನ್ನೂ ಇಡುತ್ತದೆ. 2008ರ ಸಂವಿಧಾನ 'ರಾಷ್ಟ್ರೀಯ ಒಟ್ಟು ಸಂತೋಷ'ಕ್ಕೆ ನೆರವಾಗುವ ಸ್ಥಿತಿ ಕಲ್ಪಿಸುವ ಹೊಣೆಯನ್ನು ಪ್ರಭುತ್ವದ ಮೇಲೆ ಹೊರಿಸಿದೆ. ನೆಲದ ಶೇಕಡಾ 60 ಭಾಗ ಎಂದೆಂದಿಗೂ ಕಾಡಾಗಿಯೇ ಇರಬೇಕೆಂದೂ ಹೇಳಿದೆ. ಹಾಗಿದ್ದರೆ ಯಾವ ಕಾರ್ಖಾನೆ ಧರ್ಮಕ್ಕೆ ಒಪ್ಪುತ್ತದೆ?

ಬುದ್ಧನ ಅಷ್ಟಾಂಗ ಮಾರ್ಗದಲ್ಲಿ ಸಮ್ಯಕ್ ಆಜೀವ, ಅಂದರೆ ಸರಿಯಾದ ಜೀವನೋಪಾಯವೂ ಒಂದು. ಗೃಹಸ್ಥ ಅನುಯಾಯಿಗಳು ಐದು ವ್ಯಾಪಾರ ಮಾಡಬಾರದೆಂದು ಬುದ್ಧ ಹೇಳಿದ್ದು ಅಂಗುತ್ತರ ನಿಕಾಯದಲ್ಲಿದೆ: ಆಯುಧ, ಜೀವಿಗಳು, ಮಾಂಸ, ಮದ್ಯ, ವಿಷ. ಓದಲು ಸರಳವಾದ ಪಟ್ಟಿ. ಭೂತಾನ್ ಅದನ್ನು ಪಾಲಿಸುತ್ತದೆಯೇ ಎಂದು ನೋಡಹೊರಟರೆ ತಮಾಷೆಯ ಸಂಗತಿಗಳು ಎದುರಾಗುತ್ತವೆ. ನಿವೃತ್ತ ಸೈನಿಕರ ಕ್ಷೇಮಕ್ಕೆಂದು 1976ರಲ್ಲಿ ಶುರುವಾದ ಸೇನಾ ಕಲ್ಯಾಣ ಯೋಜನೆ ನಡೆಸುವುದು ಮದ್ಯದ ಕಾರ್ಖಾನೆಗಳನ್ನು. ಅದರ 'ಕೆ5' ವಿಸ್ಕಿಯ ಹೆಸರಿನಲ್ಲಿ ಐದನೆಯ ದೊರೆಯ ಪಟ್ಟಾಭಿಷೇಕದ ನೆನಪಿದೆ. ಸೇನೆ, ಮದ್ಯ, ಅರಸು ಒಂದೇ ಬಾಟಲಿಯಲ್ಲಿ!

ಮಾಂಸದ ಕಥೆ ಇನ್ನೂ ಜಟಿಲ. ಭೂತಾನೀಯರು ಸಾಕಷ್ಟು ಮಾಂಸ ತಿನ್ನುತ್ತಾರೆ, ಅದರಲ್ಲಿ ಹೆಚ್ಚಿನದು ಭಾರತದಿಂದ ಬರುತ್ತದೆ. ಅಲ್ಲಿನ ಪಂಚಾಂಗದ 1ನೆಯ ಮತ್ತು 4ನೆಯ ತಿಂಗಳು ಪವಿತ್ರ. ಆಗ ಮಾಂಸ ಮಾರುವಂತಿಲ್ಲ. ಮುಂಚೆಯೇ ಫ್ರೀಜರ್ ತುಂಬಿಸಿಕೊಳ್ಳುವವರಿಗೇನೂ ಕೊರತೆಯಿಲ್ಲ. ದಕ್ಷಿಣದ ಜಿಲ್ಲೆಗಳಲ್ಲಿ ಮಾಂಸ ಸಂಸ್ಕರಣಾ ಘಟಕ ತೆರೆಯುವ ಮಾತು ಬಂದಾಗಲೆಲ್ಲ ಭಿಕ್ಷುಗಳೂ ಭಕ್ತರೂ ವಿರೋಧಿಸಿದ್ದಾರೆ. ಅವರ ಕರುಣೆ ನಿಜವಾದದ್ದೇ. ಆದರೆ ಕೊಲ್ಲುವ ಕೆಲಸ ಗಡಿಯಾಚೆಯ ಬಡವನ ಪಾಲಿಗೆ ಹೋಯಿತು, ಕುರಿಗೆ ಜೀವದಾನವೇನೂ ಸಿಗಲಿಲ್ಲ. ಮದ್ಯ ಮಾರಿ ಪಿಂಚಣಿ ಕೊಡುವ ಸೇನೆ ತನ್ನ ದಂಧೆಯನ್ನು ಬಚ್ಚಿಡುವುದಿಲ್ಲವಲ್ಲ, ಅದೇ ಇದಕ್ಕಿಂತ ಮೇಲು.

ಫೆರೋಸಿಲಿಕಾನ್ ಈ ಐದರಲ್ಲಿ ಯಾವುದರೊಳಗೂ ಇಲ್ಲ. ಅದು ಉಕ್ಕಿನೊಳಗೆ ಸೇರಿ ಮಾಯವಾಗುವ ವಸ್ತು. ಆ ಉಕ್ಕು ನೇಗಿಲಾದೀತು, ಬಂದೂಕೂ ಆದೀತು. ಬೌದ್ಧ ಚಿಂತನೆಯಲ್ಲಿ ಕರ್ಮವೆಂದರೆ ಚೇತನಾ, ಅಂದರೆ ಸಂಕಲ್ಪ. ಕುಲುಮೆಯ ಮಾಲೀಕನ ಸಂಕಲ್ಪದಲ್ಲಿ ಬಂದೂಕಿಲ್ಲ, ಆದ್ದರಿಂದ ಆತ ನಿರ್ದೋಷಿ ಎನ್ನಬಹುದು. ಅದೇ ಪರಂಪರೆಯ ಪ್ರತೀತ್ಯಸಮುತ್ಪಾದ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಒಂದು ಇರುವುದು ಇನ್ನೊಂದನ್ನು ಆಧರಿಸಿಯೇ ಎಂದಾದರೆ ಕುಲುಮೆಗೆ ಬರುವ ಇದ್ದಿಲಿನ ಮೂಲವನ್ನೂ ಕೇಳಬೇಕು, ಅಕ್ಕಪಕ್ಕದವರು ಉಸಿರಾಡುವ ದೂಳನ್ನೂ ಲೆಕ್ಕಕ್ಕೆ ತರಬೇಕು. ಚಳಿಗಾಲದಲ್ಲಿ ನದಿಗಳು ಸೊರಗಿದಾಗ ಭೂತಾನ್ ಭಾರತದಿಂದ ಕರೆಂಟು ಕೊಳ್ಳುತ್ತದೆ. ಭಾರತದ ಕರೆಂಟಿನ ದೊಡ್ಡ ಪಾಲು ಕಲ್ಲಿದ್ದಲಿನದು. ಕಾಡು ಹೀರುವಷ್ಟು ಇಂಗಾಲವನ್ನೂ ಹೊರಬಿಡದ ದೇಶವೆಂಬ ಕೀರ್ತಿಯ ಪಕ್ಕದಲ್ಲಿ ಈ ಲೆಕ್ಕವನ್ನೂ ಬರೆಯಬೇಕಾಗುತ್ತದೆ.

ಹಾಗಾದರೆ ಕಾರ್ಖಾನೆಯೇ ಬೇಡವೆ? ಬರ್ಮಾಕ್ಕೆ ಹೋಗಿಬಂದ ಅರ್ಥಶಾಸ್ತ್ರಜ್ಞ ಇ. ಎಫ್. ಷೂಮಾಕರ್ 1966ರಲ್ಲಿ 'ಬೌದ್ಧ ಅರ್ಥಶಾಸ್ತ್ರ'ದ ಬಗ್ಗೆ ಬರೆದಾಗ ದುಡಿಮೆಯನ್ನು ವೆಚ್ಚವಾಗಿ ಕಾಣದೆ ಮನುಷ್ಯನನ್ನು ಅರಳಿಸುವ ದಾರಿಯಾಗಿ ಕಂಡರು. ಆ ಅಳತೆಗೋಲಿನಲ್ಲಿ ನಿರುದ್ಯೋಗವೂ ಹಿಂಸೆಯೇ. 2022ರಲ್ಲಿ ಭೂತಾನಿನ ಯುವಜನರಲ್ಲಿ ನಿರುದ್ಯೋಗ ಶೇಕಡಾ 28.6 ಇತ್ತು. ಓದಿದವರು ಆಸ್ಟ್ರೇಲಿಯಾದ ವಿಮಾನ ಹತ್ತುತ್ತಿದ್ದಾರೆ. ಕುಲುಮೆಯಾದರೋ ಕರೆಂಟನ್ನು ನುಂಗುವಷ್ಟು ಕೈಗಳಿಗೆ ಕೆಲಸ ಕೊಡುವುದಿಲ್ಲ. ಸಂತೋಷದ ಲೆಕ್ಕದಲ್ಲಿ ಫೆರೋಸಿಲಿಕಾನ್ ಸೋಲುವುದು ಇಲ್ಲಿ.

2023ರ ಡಿಸೆಂಬರ್ 17ರಂದು ದೊರೆ ಜಿಗ್ಮೆ ಖೇಸರ್ ನಾಮ್‌ಗ್ಯೆಲ್ ವಾಂಗ್ಚುಕ್ ಅಸ್ಸಾಂ ಗಡಿಯ ಗೆಲೆಫುವಿನಲ್ಲಿ 'ಮೈಂಡ್‌ಫುಲ್‌ನೆಸ್ ಸಿಟಿ' ಕಟ್ಟುವುದಾಗಿ ಘೋಷಿಸಿದರು. ಹೊರಗಿನ ಬಂಡವಾಳಕ್ಕೆ ಧೈರ್ಯ ತುಂಬಲು ಅಲ್ಲಿಗೆ ಸಿಂಗಪುರದ ಕಾನೂನುಗಳನ್ನೂ ಅಬುಧಾಬಿಯ ಹಣಕಾಸು ನಿಯಮಗಳನ್ನೂ ತರಲಾಗಿದೆ. ಒಪ್ಪಂದ ಮುರಿದರೆ ಏನು ಮಾಡಬೇಕೆಂಬುದಕ್ಕೆ ಅವುಗಳಲ್ಲಿ ಉತ್ತರವಿದೆ. ಎಂಥ ಕಾರ್ಖಾನೆ ಕೂಡದು ಎಂಬುದನ್ನು ಮಾತ್ರ ಭೂತಾನೀಯರೇ ಕೂತು ಬರೆಯಬೇಕು. ಹಾಗೆ ಬರೆಯುವಾಗ ಆ ಹಳೆಯ ಐದಕ್ಕೆ ಇನ್ನೂ ಎಷ್ಟೋ ಸೇರಬೇಕಾಗುತ್ತದೆ.